ಕೇಳದ ದನಿಗೊಬ್ಬ ದುಭಾಷಿ

ಕಳೆದ ದೀಪಾವಳಿಯ ರಜೆಯಲ್ಲಿ ಒಂದು ಬೆಳಗ್ಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಮನೆಗೆ ಬಂದಳು. ಪದವಿಪೂರ್ವ ತರಗತಿಯ ವಿಜ್ಞಾನ ವಿಭಾಗದಲ್ಲಿದ್ದಾಗ ಎರಡು ವರ್ಷ ನನ್ನಿಂದ ಕನ್ನಡ ಪಾಠ ಹೇಳಿಸಿಕೊಂಡವಳು. ಆಮೇಲೆ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಸ್ಕ್ಯಾನಿಂಗ್ ಯಂತ್ರಗಳನ್ನು ರೂಪಿಸುವ ಕೆಲಸಕ್ಕೆ ಸೇರಿದಳೆಂದು ಕೇಳಿದ್ದೆ. ಕುಶಲಪ್ರಶ್ನೆಯಾಯಿತು, ಕಾಫಿಯಾಯಿತು. ಬಳಿಕ ಅವಳು ಚೀಲದಿಂದ ನಾಲ್ಕು ಹಾಳೆ ತೆಗೆದು ನನ್ನ ಮುಂದಿಟ್ಟಳು. ನಮ್ಮ ಕಾಲೇಜಿನ ವಿಜ್ಞಾನ ಸಂಘದವರು ಅವಳನ್ನು ಉಪನ್ಯಾಸಕ್ಕೆ ಕರೆದಿದ್ದರು. ಕನ್ನಡದಲ್ಲಿಯೇ ಮಾತನಾಡಬೇಕೆಂಬುದು ಅವಳ ಹಟ. ಹಾಳೆಗಳಲ್ಲಿ ವಿಷಯ ತುಂಬಿತ್ತು. ಆದರೆ ಕನ್ನಡ ಪದ ತೋಚದ ಕಡೆಗಳಲ್ಲೆಲ್ಲ ಖಾಲಿ ಜಾಗ ಬಿಟ್ಟು ಪೆನ್ಸಿಲಿನಿಂದ ಗೆರೆ ಎಳೆದಿದ್ದಳು.

“ಸರ್, ಮೊದಲು ನನ್ನ ಕೆಲಸಕ್ಕೇ ಒಂದು ಹೆಸರು ಬೇಕು. ನಾನು ಡಿವೈಸ್ ಡ್ರೈವರ್ ಬರೆಯುವವಳು” ಎಂದಳು.

ಡ್ರೈವರ್ ಎಂದೊಡನೆ ನನ್ನ ಕಣ್ಣಿಗೆ ಕಟ್ಟಿದವನು, ಮುಂಜಾನೆ ಆರು ಗಂಟೆಗೆ ಬೀದಿಯ ತುದಿಯಲ್ಲಿ ಹಾರನ್ ಬಾರಿಸಿ ಊರನ್ನೆಬ್ಬಿಸುವ ಬಸ್ಸಿನವನು. ಅವನನ್ನು ‘ಬರೆಯುವುದು’ ಹೇಗೆಂದು ನಕ್ಕೆ. ಅವಳು ವಿವರಿಸಿದಳು: ಗಣಕಯಂತ್ರಕ್ಕೆ ಹೊರಗಿನ ಯಾವ ಉಪಕರಣವನ್ನು ಜೋಡಿಸಿದರೂ, ಅದು ಮುದ್ರಣಯಂತ್ರವಾಗಲಿ ಕ್ಯಾಮರಾವಾಗಲಿ, ಆ ಉಪಕರಣವನ್ನು ನಡೆಸಲು ಒಂದು ಸಣ್ಣ ತಂತ್ರಾಂಶ ಬೇಕು. ಅದಕ್ಕೆ ಡ್ರೈವರ್ ಎಂದು ಹೆಸರು. ಪರಿಭಾಷೆಯ ಪಟ್ಟಿಗಳಲ್ಲಿ ‘ಚಾಲಕ’ ಎಂಬ ಪದವುಂಟು. ಅವಳಿಗೆ ಅದು ಒಪ್ಪಿಗೆಯಾಗಿರಲಿಲ್ಲ.

“ಹಾಗಾದರೆ ಸಾರಥಿ ಎನ್ನೋಣವೆ? ಪಾರ್ಥನಿಗೆ ಕೃಷ್ಣನಿದ್ದ, ಉತ್ತರನಿಗೆ ಬೃಹನ್ನಳೆ, ಕರ್ಣನಿಗೆ ಶಲ್ಯ. ನಮ್ಮ ಕಾವ್ಯಗಳಲ್ಲಿ ಸಾರಥಿಗಳಿಗೇನು ಬರವೇ?” ಎಂದೆ.

“ಪದ ಚೆನ್ನಾಗಿದೆ ಸರ್. ಆದರೆ ನೀವು ಹೇಳಿದ ಮೂವರೂ ಯುಕ್ತಿ ಹೇಳುವವರು, ಇಲ್ಲವೇ ಮನಸ್ಸು ಮುರಿಯುವವರು. ನಾವು ಬರೆಯುವುದಕ್ಕೆ ಆ ಸ್ವಾತಂತ್ರ್ಯವಿಲ್ಲ. ಗಣಕದ ಮಾತು ಉಪಕರಣಕ್ಕೆ ತಿಳಿಯದು. ಉಪಕರಣದ ಮಾತು ಗಣಕಕ್ಕೆ ತಿಳಿಯದು. ನಡುವೆ ನಿಂತು ಅವರ ಮಾತನ್ನು ಇವರಿಗೂ ಇವರ ಮಾತನ್ನು ಅವರಿಗೂ ದಾಟಿಸಬೇಕು. ತನ್ನದೆಂದು ಒಂದಕ್ಷರವನ್ನೂ ಸೇರಿಸಬಾರದು.”

“ಹಾಗೆನ್ನು. ಅದು ದುಭಾಷಿ” ಎಂದೆ. ಅವಳ ಮುಖ ಅರಳಿತು. ಮೊದಲನೆಯ ಖಾಲಿ ಗೆರೆಯ ಮೇಲೆ ಆ ಪದವನ್ನು ಬರೆದುಕೊಂಡಳು.

ಆ ಯಂತ್ರದೊಡನೆ ನನಗೊಂದು ಹಳೆಯ ಲೆಕ್ಕವಿದ್ದಿತು. ಅದನ್ನು ಅವಳಲ್ಲಿ ಕೇಳಬಹುದೆಂದು ಆಗ ತೋರಿತು.

ಹದಿನೈದು ವರ್ಷಗಳ ಹಿಂದಿನ ಮಾತು. ನನ್ನ ಮಡದಿ ಐದು ತಿಂಗಳ ಗರ್ಭಿಣಿ. ನಮ್ಮ ಊರಿನಲ್ಲಿಯೇ ಒಂದು ನರ್ಸಿಂಗ್ ಹೋಮಿಗೆ ಸ್ಕ್ಯಾನಿಂಗಿಗೆಂದು ಹೋಗಿದ್ದೆವು. ಗೋಡೆಯ ಮೇಲೆ, ಭ್ರೂಣದ ಲಿಂಗ ಪತ್ತೆ ಶಿಕ್ಷಾರ್ಹ ಅಪರಾಧವೆಂಬ ಫಲಕ, ಅದರ ಕೆಳಗೆ ಮಂಚ, ಪಕ್ಕದಲ್ಲಿ ಯಂತ್ರ. ವೈದ್ಯೆ ಹೊಟ್ಟೆಯ ಮೇಲೆ ತಣ್ಣನೆಯ ಲೋಳೆಯಂಥದನ್ನು ಸವರಿ, ಅಂಗೈಯಲ್ಲಿ ಹಿಡಿಯುವ ಪ್ರೋಬನ್ನು ಅದರ ಮೇಲೆ ಆಡಿಸಿದರು. ಪರದೆಯ ಮೇಲೆ ಬೂದುಬಣ್ಣದ ಮಳೆ ಸುರಿಯುತ್ತಿರುವಂತೆ ಕಂಡಿತು. ಆ ಮಳೆಯ ನಡುವೆ ಒಂದು ಕಡೆ ಏನೋ ಮಿಡಿಯುತ್ತಿತ್ತು. “ಅದೇ ನೋಡಿ, ಹೃದಯ” ಎಂದರು ವೈದ್ಯೆ. ನಾವಿಬ್ಬರೂ ಅದನ್ನೇ ನೋಡುತ್ತಿದ್ದೆವು. ನೋಡುತ್ತಿರುವಂತೆಯೇ ಅದು ನಿಂತುಹೋಯಿತು.

ನನ್ನ ಮಡದಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಯಾರೂ ಮಾತಾಡಲಿಲ್ಲ. ವೈದ್ಯೆ ಪ್ರೋಬನ್ನು ಅತ್ತ ಸರಿಸಿದರು, ಇತ್ತ ಸರಿಸಿದರು, ಚಿತ್ರ ಅಲುಗಲಿಲ್ಲ. ಆಗ ಅವರಿಗೆ ಹೊಳೆದಿರಬೇಕು. “ಹೆದರಬೇಡಿ, ನಿಂತಿರುವುದು ಯಂತ್ರ” ಎಂದರು. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದರು. ಅದು ಎಚ್ಚರಗೊಂಡು ಸಿದ್ಧವಾಗಲು ಕೆಲವು ನಿಮಿಷ ಹಿಡಿಯಿತು. ವೈದ್ಯೆಯ ಮಾತನ್ನು ನಂಬಬೇಕೆಂದು ಬುದ್ಧಿ ಹೇಳುತ್ತಿತ್ತು. ಕಣ್ಣು ತಾನು ಕಂಡದ್ದನ್ನೇ ನಂಬಿ ಕುಳಿತಿತ್ತು. ಮತ್ತೆ ಚಿತ್ರ ಬಂದಾಗ ಹೃದಯ ಮೊದಲಿನಂತೆಯೇ ಮಿಡಿಯುತ್ತಿತ್ತು. ಆ ಮಗಳು ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಆದರೆ ಅಂದಿನ ಆ ಕೆಲವು ನಿಮಿಷಗಳ ಮಾತನ್ನು ನನ್ನ ಮಡದಿ ಇಂದಿನವರೆಗೆ ಎತ್ತಿದವಳಲ್ಲ.

ಇದನ್ನು ಹೇಳಿ, “ಏನಮ್ಮ, ಅಂದು ಅದೇಕೆ ನಿಂತಿರಬಹುದು?” ಎಂದು ಕೇಳಿದೆ.

ಅವಳು ಪೆನ್ಸಿಲು ಕೆಳಗಿಟ್ಟಳು. “ಆ ಯಂತ್ರವನ್ನು ನೋಡದೆ ಇಂಥದೇ ಕಾರಣವೆಂದರೆ ತಪ್ಪಾಗುತ್ತದೆ ಸರ್. ಆದರೆ ಚಿತ್ರ ಹೇಗೆ ನಿಲ್ಲುತ್ತದೆಂದು ಹೇಳಬಲ್ಲೆ. ಅದಕ್ಕೆ ಮೊದಲು ಚಿತ್ರ ಹೇಗೆ ಹುಟ್ಟುತ್ತದೆಂದು ಹೇಳಬೇಕಾಗುತ್ತದೆ.”

ಅಂದು ಅವಳಿಂದ ಕೇಳಿದ್ದನ್ನೂ ಆಮೇಲೆ ನಾನೇ ಓದಿ ತಿಳಿದುಕೊಂಡದ್ದನ್ನೂ ವಾಚಕರ ಮುಂದಿಡುತ್ತಿದ್ದೇನೆ. ನಾನು ವಿಜ್ಞಾನ ಬಲ್ಲವನಲ್ಲ. ಪಾಠ ಹೇಳಿದವನು ಪಾಠ ಕೇಳಿದ ಕಥೆಯೆಂದು ಇದನ್ನು ಓದಿಕೊಳ್ಳಬೇಕು.

ದನಿಯಿಂದ ಚಿತ್ರ

ಹಳೆಯ ಬಾವಿಯ ಆಳ ತಿಳಿಯಬೇಕಾದರೆ ಹುಡುಗರು ಕಲ್ಲೊಂದನ್ನು ಹಾಕಿ ಕಿವಿಗೊಡುತ್ತಾರೆ. ಸದ್ದು ಬರಲು ಹಿಡಿದ ಹೊತ್ತೇ ಆಳದ ಅಳತೆ. ಸ್ಕ್ಯಾನಿಂಗ್ ಯಂತ್ರದ ಬುದ್ಧಿಯೂ ಇಷ್ಟೇ. ಅದು ಕಲ್ಲಿನ ಬದಲು ದನಿಯನ್ನೇ ಒಳಗೆ ಹಾಕುತ್ತದೆ. ಮರಳಿದ ಪ್ರತಿಧ್ವನಿಯನ್ನು ಕೇಳುತ್ತದೆ. ಮನುಷ್ಯರ ಕಿವಿ ಸೆಕೆಂಡಿಗೆ ೨೦ ಸಾವಿರ ಕಂಪನಗಳ ತನಕ ಕೇಳಬಲ್ಲದು. ಈ ಯಂತ್ರದ ದನಿ ಸಾಮಾನ್ಯವಾಗಿ ಸೆಕೆಂಡಿಗೆ ೨೦ ಲಕ್ಷದಿಂದ ೧.೫ ಕೋಟಿ ಕಂಪನಗಳಷ್ಟು ಹೆಚ್ಚಿನದು. ಅದನ್ನು ಉಚ್ಚರಿಸುವುದೂ ಕೇಳುವುದೂ ಪ್ರೋಬಿನ ಮೂತಿಯಲ್ಲಿರುವ ಸಣ್ಣ ಸಣ್ಣ ಬಿಲ್ಲೆಗಳು. ವಿದ್ಯುತ್ತು ತಗುಲಿದರೆ ನಡುಗುವ, ನಡುಗಿಸಿದರೆ ವಿದ್ಯುತ್ತು ಕೊಡುವ ಸ್ಫಟಿಕಗಳ ಗುಣವನ್ನು ಫ್ರಾನ್ಸಿನ ಪಿಯರ್ ಕ್ಯೂರಿ ಮತ್ತು ಝಾಕ್ ಕ್ಯೂರಿ ಎಂಬ ಸೋದರರು ೧೮೮೦-೮೧ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟಿದ್ದರು. ಬಿಲ್ಲೆಗಳ ಕೆಲಸಕ್ಕೆ ಆ ಗುಣವೇ ಆಧಾರ. ಹೊಟ್ಟೆಗೆ ಸವರುವ ಲೋಳೆಯ ಗುಟ್ಟನ್ನೂ ಅವಳು ಹೇಳಿದಳು: ಚರ್ಮಕ್ಕೂ ಪ್ರೋಬಿಗೂ ನಡುವೆ ಗಾಳಿಯ ತೆಳ್ಳನೆಯ ಪದರವೊಂದಿದ್ದರೂ ದನಿ ಒಳಗೆ ಹೋಗದೆ ಅಲ್ಲಿಂದಲೇ ಹಿಂತಿರುಗಿಬಿಡುತ್ತದೆ.

ಈ ವಿದ್ಯೆಯನ್ನು ಹೆರಿಗೆಯ ಆಸ್ಪತ್ರೆಗೆ ತಂದವರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್ ಅವರ ಹೆಸರು ಮುಖ್ಯವಾದುದು. ಕಾರ್ಖಾನೆಗಳಲ್ಲಿ ಲೋಹದೊಳಗಿನ ಬಿರುಕನ್ನು ಪ್ರತಿಧ್ವನಿಯಿಂದ ಪತ್ತೆಮಾಡುವ ಉಪಕರಣವಿದ್ದಿತು. ಡೊನಾಲ್ಡ್ ಅವರು ೧೯೫೫ರಲ್ಲಿ ಶಸ್ತ್ರಚಿಕಿತ್ಸೆಯಿಂದ ತೆಗೆದ ಗಡ್ಡೆಗಳನ್ನು ಗ್ಲಾಸ್ಗೋ ಸಮೀಪದ ಬಾಯ್ಲರ್ ಕಾರ್ಖಾನೆಯೊಂದಕ್ಕೆ ಒಯ್ದು ಆ ಉಪಕರಣದಿಂದ ಪರೀಕ್ಷಿಸಿದರು. ಟಾಮ್ ಬ್ರೌನ್ ಎಂಬ ತರುಣ ಇಂಜಿನಿಯರ್ ಅವರೊಡನೆ ಸೇರಿ ಯಂತ್ರವನ್ನು ಕಟ್ಟಿದರು. ಇವರಿಬ್ಬರೂ ವೈದ್ಯ ಜಾನ್ ಮ್ಯಾಕ್‌ವಿಕಾರ್ ಅವರೂ ಕೂಡಿ ೧೯೫೮ರ ಜೂನ್ ತಿಂಗಳಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಹೊಟ್ಟೆಯ ಕ್ಯಾನ್ಸರ್ ಮಿತಿಮೀರಿದೆಯೆಂದು ಆಸೆ ಬಿಟ್ಟಿದ್ದ ಹೆಂಗಸೊಬ್ಬಳಲ್ಲಿ ಈ ಯಂತ್ರ ತೋರಿಸಿದ್ದು ಅಂಡಾಶಯದ ದೊಡ್ಡದೊಂದು ನೀರುಗಂತಿಯನ್ನು. ಶಸ್ತ್ರಚಿಕಿತ್ಸೆಯಾಗಿ ಆಕೆ ಬದುಕಿಕೊಂಡಳು. ಆ ಕಾಲದ ಯಂತ್ರಕ್ಕೆ ದುಭಾಷಿಯ ಅಗತ್ಯವಿರಲಿಲ್ಲ. ಪ್ರತಿಧ್ವನಿ ನೇರವಾಗಿ ಪರದೆಯ ಮೇಲೆ ಬೆಳಕಾಗಿ ಮೂಡುತ್ತಿತ್ತು. ಯಂತ್ರಕ್ಕೂ ಪರದೆಗೂ ನಡುವೆ ಗಣಕ ಬಂದು ಕುಳಿತ ಮೇಲೆಯೇ ಮಾತು ದಾಟಿಸುವವನು ಬೇಕಾದದ್ದು.

ಇನ್ನು ಲೆಕ್ಕಕ್ಕೆ ಬರೋಣ. ನಮ್ಮ ದೇಹದ ಮೆದು ಭಾಗಗಳಲ್ಲಿ ದನಿ ಸೆಕೆಂಡಿಗೆ ಸುಮಾರು ೧,೫೪೦ ಮೀಟರ್ ಓಡುತ್ತದೆ. ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಮರಳಲು ಸೆಕೆಂಡಿನ ಹತ್ತು ಲಕ್ಷದಲ್ಲಿ ೧೩ ಪಾಲು ಹೊತ್ತು ಸಾಕು. ಹದಿನೈದು ಸೆಂಟಿಮೀಟರ್ ಆಳ ನೋಡಬೇಕಾದರೆ ೧೯೫ ಪಾಲು. ಇದರಿಂದ ಚಿತ್ರದ ಒಂದು ಗೆರೆ ಮಾತ್ರ ಸಿಕ್ಕುತ್ತದೆ. ಇಂಥ ೧೨೮ ಗೆರೆಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟರೆ ಒಂದು ಚಿತ್ರ. ಅದಕ್ಕೆ ಸೆಕೆಂಡಿನ ಸಾವಿರದಲ್ಲಿ ೨೫ ಪಾಲು ಬೇಕು. ಹೀಗಾಗಿ ಸೆಕೆಂಡಿಗೆ ೪೦ ಚಿತ್ರ. “ಇದಕ್ಕಿಂತ ಬೇಗ ಬಾ ಎಂದು ದನಿಯನ್ನು ಗದರಿಸುವಂತಿಲ್ಲ ಸರ್. ಅದರ ನಡಿಗೆ ಅದಕ್ಕೆ. ಅದು ಬಂದಾಗ ನಾವು ಸಿದ್ಧರಿರಬೇಕು, ಅಷ್ಟೆ” ಎಂದಳು.

ಸಿದ್ಧರಿರುವುದೂ ಸುಲಭವಲ್ಲ. ಪ್ರೋಬಿನಲ್ಲಿ ೧೨೮ ಬಿಲ್ಲೆಗಳಿದ್ದು, ಪ್ರತಿಯೊಂದರ ಕೇಳಿಕೆಯನ್ನೂ ಸೆಕೆಂಡಿಗೆ ನಾಲ್ಕು ಕೋಟಿ ಬಾರಿ ಅಳೆದು ಬರೆದಿಟ್ಟರೆ, ಸೆಕೆಂಡಿಗೆ ೫೧೨ ಕೋಟಿ ಸಂಖ್ಯೆಗಳಾಗುತ್ತವೆ. ಒಂದೇ ಪ್ರತಿಧ್ವನಿ ಹತ್ತಿರದ ಬಿಲ್ಲೆಗೆ ಮೊದಲು, ದೂರದ ಬಿಲ್ಲೆಗೆ ತುಸು ತಡವಾಗಿ ಕೇಳಿಸುವುದರಿಂದ, ಆ ತಡಗಳನ್ನು ಸರಿದೂಗಿಸಿ ಎಲ್ಲವನ್ನೂ ಕೂಡಿಸಿ ಒಂದು ಗೆರೆ ಮಾಡಬೇಕು. ಭಜನೆಯಲ್ಲಿ ಹಿಂದೆ ಬಿದ್ದವರನ್ನೂ ಮುಂದೆ ಓಡಿದವರನ್ನೂ ಒಂದೇ ತಾಳಕ್ಕೆ ತರುವಂಥ ಕೆಲಸ. ಇದನ್ನು ಬಹುಮಟ್ಟಿಗೆ ವಿದ್ಯುನ್ಮಂಡಲಗಳೇ ಮಾಡಿ, ಸೋಸಿದ ಗೆರೆಗಳನ್ನು ಗಣಕದ ಬಾಗಿಲಿಗೆ ತಂದಿಡುತ್ತವೆ. ಆ ಬಾಗಿಲಲ್ಲಿ ನಿಂತಿರುವುದೇ ನಮ್ಮ ದುಭಾಷಿ.

ಒಳಮನೆಯ ಕೆಲಸ

ಗಣಕದೊಳಗೆ ಎರಡು ಅಂಕಣಗಳುಂಟು. ನಾವು ನೀವು ಉಪಯೋಗಿಸುವ ತಂತ್ರಾಂಶಗಳೆಲ್ಲ ಪಡಸಾಲೆಯಲ್ಲಿ ಓಡಾಡುವಂಥವು. ಅಲ್ಲಿ ಒಂದು ಜಾರಿ ಬಿದ್ದರೆ ಉಳಿದವು ತಮ್ಮ ಪಾಡಿಗೆ ಕೆಲಸ ನಡೆಸುತ್ತವೆ. ವಿಂಡೋಸ್, ಲಿನಕ್ಸ್ ಮೊದಲಾದ ಹೆಸರಿನ ಆಡಳಿತ ತಂತ್ರಾಂಶದ ತಿರುಳು ಇರುವುದು ಒಳಮನೆಯಲ್ಲಿ. ಇಂಥ ಯಂತ್ರಗಳ ದುಭಾಷಿ ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ಅಲ್ಲಿ ಒಲೆಯ ಮೇಲಿನ ಪಾತ್ರೆ ಉರುಳಿದರೆ ಇಡೀ ಮನೆಗೆ ಊಟವಿಲ್ಲ. ಆದುದರಿಂದ ಅಲ್ಲಿ ಬರೆಯುವ ಒಂದೊಂದು ಸಾಲನ್ನೂ ಮೂರು ಮೂರು ಬಾರಿ ಓದುತ್ತಾರಂತೆ.

ದುಭಾಷಿಯ ಕೆಲಸ ಎರಡು ಬಗೆ. ವೈದ್ಯರು ಗುಂಡಿ ತಿರುಗಿಸಿ, ಇನ್ನಷ್ಟು ಆಳ ಕಾಣಬೇಕು ಎಂದು ಕೇಳುತ್ತಾರೆ. ಯಂತ್ರಕ್ಕೆ ಆಳವೆಂದರೇನೆಂದು ತಿಳಿಯದು. ಅದಕ್ಕಿರುವುದು ಅಂಚೆಕಚೇರಿಯ ಗೂಡುಗಳಂತೆ ಸಂಖ್ಯೆ ಹಾಕಿದ ಗೂಡುಗಳು. ಇಂಥ ಗೂಡಿನಲ್ಲಿ ಇಂಥ ಸಂಖ್ಯೆಯಿಟ್ಟರೆ ಇಷ್ಟು ಹೊತ್ತು ಕಿವಿಗೊಡಬೇಕೆಂದು ಅರ್ಥ. ಮತ್ತೊಂದರಲ್ಲಿಟ್ಟರೆ ಇಷ್ಟು ಜೋರಾಗಿ ದನಿ ಹೊರಡಿಸಬೇಕೆಂದು ಅರ್ಥ. ವೈದ್ಯರ ಇಚ್ಛೆಯನ್ನು ಸರಿಯಾದ ಗೂಡಿಗೆ, ಸರಿಯಾದ ಕ್ರಮದಲ್ಲಿ ಇಡುವುದು ಮೊದಲನೆಯ ಕೆಲಸ.

ಎರಡನೆಯದು ಯಂತ್ರದ ಮಾತನ್ನು ಒಳಗೆ ತರುವುದು. ಯಂತ್ರ ಗೆರೆಗಳನ್ನು ನೇರವಾಗಿ ಗಣಕದ ಸ್ಮೃತಿಯಲ್ಲಿ ಸುರಿದು, ‘ತಂದಿದ್ದೇನೆ’ ಎಂದು ಕದ ತಟ್ಟುತ್ತದೆ. ದುಭಾಷಿ ಕೈಯಲ್ಲಿದ್ದ ಕೆಲಸ ಬಿಟ್ಟು ಓಗೊಡಬೇಕು. ಆದರೆ ಬಾಗಿಲಲ್ಲಿಯೇ ಹರಟೆಗೆ ನಿಲ್ಲುವಂತಿಲ್ಲ. ಬಂದದ್ದನ್ನು ಗುರುತು ಹಾಕಿಕೊಂಡು ಕೂಡಲೇ ಹಿಂತಿರುಗಬೇಕು, ಏಕೆಂದರೆ ಮುಂದಿನ ತಟ್ಟು ಆಗಲೇ ಹೊರಟಿರುತ್ತದೆ. ಸುರಿಯುವ ಜಾಗವನ್ನು ಬಾವಿಯ ರಾಟೆಗೆ ಕಟ್ಟಿದ ಗಡಿಗೆಗಳ ಮಾಲೆಯಂತೆ ಏರ್ಪಡಿಸಿರುತ್ತಾರೆ. ಒಂದು ಗಡಿಗೆ ತುಂಬುತ್ತಿರುವಾಗ ಇನ್ನೊಂದು ಬರಿದಾಗುತ್ತಿರಬೇಕು. ಬರಿದುಮಾಡುವವರು ನಿಧಾನಿಸಿದರೆ ತುಂಬಿದ ಗಡಿಗೆಯ ಮೇಲೆಯೇ ಹೊಸ ನೀರು ಬೀಳುತ್ತದೆ. ಆಗ ಪರದೆಯ ಮೇಲೆ ಚಿತ್ರದ ಒಂದು ಭಾಗ ಈ ಕ್ಷಣದ್ದು, ಇನ್ನೊಂದು ಭಾಗ ಹಿಂದಿನ ಕ್ಷಣದ್ದು. ಎರಡೂ ನಿಜ, ಕೂಡಿದರೆ ಸುಳ್ಳು.

ಹೊತ್ತಿನ ವಿಷಯದಲ್ಲಿಯೂ ದುಭಾಷಿ ಎಚ್ಚರವಾಗಿರಬೇಕು. ಗರ್ಭಸ್ಥ ಶಿಶುವಿನ ಹೃದಯ ಸಾಧಾರಣವಾಗಿ ನಿಮಿಷಕ್ಕೆ ೧೧೦ರಿಂದ ೧೬೦ ಬಾರಿ ಮಿಡಿಯುತ್ತದೆ. ೧೪೦ ಎಂದಿಟ್ಟುಕೊಂಡರೆ ಒಂದು ಮಿಡಿತಕ್ಕೆ ಸುಮಾರು ಹದಿನೇಳು ಚಿತ್ರಗಳಾದವು. ಚಿತ್ರ ಗಣಕಕ್ಕೆ ತಲುಪಿದ ಹೊತ್ತನ್ನು ಅದು ಹುಟ್ಟಿದ ಹೊತ್ತೆಂದು ಬರೆದರೆ, ದಾರಿಯಲ್ಲಾದ ತಡವೆಲ್ಲ ಹೃದಯದ ಲೆಕ್ಕಕ್ಕೆ ಜಮೆಯಾಗಿ, ನೆಟ್ಟಗೆ ಮಿಡಿಯುವ ಹೃದಯ ತಾಳ ತಪ್ಪಿದಂತೆ ಕಾಣಬಹುದು. ಕಾಗದ ಬರೆದವರು ಮೇಲೆ ಹಾಕಿದ ತಾರೀಖು ಬೇರೆ, ಅಂಚೆಯ ಮುದ್ರೆಯ ತಾರೀಖು ಬೇರೆ. ಆದುದರಿಂದ ದನಿ ಹೊರಟ ಕ್ಷಣದಲ್ಲಿಯೇ ಯಂತ್ರ ಪ್ರತಿಯೊಂದು ಚಿತ್ರಕ್ಕೂ ಹೊತ್ತಿನ ಮುದ್ರೆಯೊತ್ತುತ್ತದೆ.

ಅಕ್ಷಯದ ಮರುದಿನ

ಈ ಹೊತ್ತಿನ ಮುದ್ರೆಯೇ ಒಮ್ಮೆ ಅವಳನ್ನು ಮೂರು ವಾರ ಕಾಡಿತಂತೆ. ಅವಳು ಬರೆದ ದುಭಾಷಿಯುಳ್ಳ ಪ್ರಯೋಗದ ಯಂತ್ರವೊಂದು ಒಮ್ಮೊಮ್ಮೆ ಚಿತ್ರ ನಿಲ್ಲಿಸಿಬಿಡುತ್ತಿತ್ತು. ತಪ್ಪಿನ ಸೂಚನೆಯಿಲ್ಲ, ಸದ್ದಿಲ್ಲ. ಕೊನೆಯ ಚಿತ್ರ ಪರದೆಯ ಮೇಲೆ ಸುಮ್ಮನೆ ನಿಂತಿರುತ್ತಿತ್ತು. ಇಂಜಿನಿಯರುಗಳು ಬಂದು ನೋಡಿದಾಗ ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಊಟಕ್ಕೆ ಹೋಗಿ ಬಂದರೆ ನಿಂತಿರುತ್ತಿತ್ತು. ಕೊನೆಗೆ ಅವಳು ಒಂದು ನೋಟ್‌ಪುಸ್ತಕದಲ್ಲಿ, ಯಂತ್ರ ಹೊತ್ತಿಸಿದ ವೇಳೆಯನ್ನೂ ನಿಂತ ವೇಳೆಯನ್ನೂ ಬರೆಯುತ್ತ ಹೋದಳು. ಎರಡರ ಅಂತರ ಪ್ರತಿಸಲವೂ ಒಂದೇ: ೭೧ ನಿಮಿಷ ೩೫ ಸೆಕೆಂಡು.

ಅಂತರ ಸಿಕ್ಕೊಡನೆ ಕಾರಣವೂ ಸಿಕ್ಕಿತು. ಯಂತ್ರದ ಗಡಿಯಾರ ಸೆಕೆಂಡಿನ ಹತ್ತು ಲಕ್ಷದ ಪಾಲುಗಳನ್ನು ಎಣಿಸುತ್ತಿತ್ತು. ಅದಕ್ಕೆ ಕೊಟ್ಟಿದ್ದ ಜಾಗದಲ್ಲಿ ಹಿಡಿಯುವುದು ೪,೨೯,೪೯,೬೭,೨೯೬ ಎಣಿಕೆಗಳು ಮಾತ್ರ. ಅಷ್ಟಾದ ಮೇಲೆ ಗಡಿಯಾರ ಮತ್ತೆ ಸೊನ್ನೆಯಿಂದ ಆರಂಭಿಸುತ್ತದೆ. ಆ ಎಣಿಕೆ ಮುಗಿಯಲು ಹಿಡಿಯುವ ಹೊತ್ತೇ ೭೧ ನಿಮಿಷ ೩೫ ಸೆಕೆಂಡು. ಒಂದೊಂದು ಪರೀಕ್ಷೆಗೂ ಮೊದಲು ಯಂತ್ರವನ್ನು ಆರಿಸಿ ಹೊತ್ತಿಸುತ್ತಿದ್ದುದರಿಂದ ಯಾರಿಗೂ ಆ ಗಡಿ ಎದುರಾಗಿರಲಿಲ್ಲ.

ಇಷ್ಟಾದರೆ ಚಿತ್ರ ನಿಲ್ಲಬೇಕೇಕೆ? ಅವಳ ದುಭಾಷಿಗೆ ಒಂದು ಕಟ್ಟಳೆಯಿತ್ತು. ಬಂದ ಚಿತ್ರದ ಮುದ್ರೆ ಹಿಂದಿನ ಚಿತ್ರದ್ದಕ್ಕಿಂತ ದೊಡ್ಡದಾಗಿದ್ದರೆ ಹೊಸದೆಂದು ಒಳಗೆ ಬಿಡುವುದು. ಚಿಕ್ಕದಾಗಿದ್ದರೆ ಹಳೆಯದೆಂದು ಬಿಸುಡುವುದು. ಗಡಿಯಾರ ಸೊನ್ನೆಗೆ ಮರಳಿದೊಡನೆ ಆಗತಾನೆ ಹುಟ್ಟಿದ ಚಿತ್ರಗಳೆಲ್ಲ ಅದಕ್ಕೆ ಹಳೆಯವೆಂದು ತೋರಿದವು. ಒಂದೊಂದನ್ನೂ ಶ್ರದ್ಧೆಯಿಂದ ಹೊರಗೆ ಹಾಕುತ್ತ ಕುಳಿತಿತು.

ನನಗೆ ನಗು ಬಂತು. ನಮ್ಮ ಪಂಚಾಂಗದ ಸಂವತ್ಸರಗಳು ಅರವತ್ತು. ಪ್ರಭವದಿಂದ ಹೊರಟು ಅಕ್ಷಯಕ್ಕೆ ಮುಗಿದು, ಮತ್ತೆ ಪ್ರಭವ. ಈಗಿನ ಸುತ್ತು ೧೯೮೭ರ ಯುಗಾದಿಗೆ ಮೊದಲಾಯಿತು. ಪ್ರಭವ ಒಂದನೆಯದು, ಅಕ್ಷಯ ಅರವತ್ತನೆಯದು. ಆದುದರಿಂದ ಪ್ರಭವವೇ ಹಳೆಯದೆಂದು ಯಾರಾದರೂ ವಾದಿಸಿದರೆ ಹಳ್ಳಿಯ ಮುದುಕಿಯೂ ನಕ್ಕಾಳು: ಅಕ್ಷಯದ ಮರುದಿನ ಬರುವುದೇ ಪ್ರಭವವಲ್ಲವೆ? ಶಾಸನಗಳನ್ನು ಓದುವವರಿಗಂತೂ ಈ ತೊಡಕು ಚಿರಪರಿಚಿತ. ಶಕವರ್ಷವಿಲ್ಲದೆ ಸಂವತ್ಸರದ ಹೆಸರು ಮಾತ್ರ ಕೆತ್ತಿದ್ದರೆ, ಅದು ಯಾವ ಸುತ್ತಿನದೆಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಇದನ್ನು ಹೇಳಿದಾಗ ಅವಳು, “ಹೌದು ಸರ್, ಪರಿಹಾರವೂ ಅದೇ. ಯಾವುದು ದೊಡ್ಡದೆಂದು ಕೇಳಬಾರದು. ಚಕ್ರದಲ್ಲಿ ಇದರಿಂದ ಅದಕ್ಕೆ ಎಷ್ಟು ಹೆಜ್ಜೆಯೆಂದು ಎಣಿಸಬೇಕು. ಒಂದು ಸಾಲು ತಿದ್ದಿದೆ, ಸರಿಹೋಯಿತು” ಎಂದಳು.

ಚಕ್ರ ಸುತ್ತಿ ಸೊನ್ನೆಗೆ ಬಂದದ್ದರಿಂದ ಜೀವ ಹೋದದ್ದೂ ಉಂಟು. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ಥೆರಾಕ್-೨೫ ಎಂಬ ಯಂತ್ರ ೧೯೮೫ರಿಂದ ೧೯೮೭ರ ಅವಧಿಯಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ಮಂದಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು. ಹಿಂದಿನ ಮಾದರಿಗಳಲ್ಲಿ ಯಂತ್ರಭಾಗಗಳೇ ಮಾಡುತ್ತಿದ್ದ ತಡೆಯನ್ನು ಇದರಲ್ಲಿ ತಂತ್ರಾಂಶಕ್ಕೆ ಒಪ್ಪಿಸಿದ್ದರು. ೧೯೮೭ರ ಜನವರಿಯಲ್ಲಿ ಯಾಕಿಮಾ ಎಂಬಲ್ಲಿ ನಡೆದ ಅಪಘಾತಕ್ಕೆ ಕಾರಣವೆಂದು ಗೊತ್ತಾದದ್ದು ಒಂದು ಪುಟ್ಟ ಎಣಿಕೆ. ಅದರಲ್ಲಿ ೨೫೫ರ ತನಕ ಹಿಡಿಯುತ್ತಿತ್ತು. ೨೫೬ನೆಯ ಸಲ ಸೊನ್ನೆ. ಸೊನ್ನೆಯೆಂದರೆ ‘ಪರೀಕ್ಷಿಸಬೇಕಾದದ್ದೇನೂ ಇಲ್ಲ’ ಎಂದು ಅರ್ಥ. ಸರಿಯಾಗಿ ಆ ಕ್ಷಣದಲ್ಲಿ ಗುಂಡಿ ಒತ್ತಿದರು. ಪರೀಕ್ಷೆ ನಡೆಯಲಿಲ್ಲ. ಆ ರೋಗಿ ಮೂರು ತಿಂಗಳಲ್ಲಿ ತೀರಿಕೊಂಡ.

ಕಳೆದುಹೋದ ಗರಿ

“ನಿನ್ನ ತಪ್ಪು ಆಸ್ಪತ್ರೆಯ ತನಕ ಹೋಗಲಿಲ್ಲವಷ್ಟೆ?” ಎಂದೆ.

“ಇಲ್ಲ ಸರ್, ಪ್ರಯೋಗಾಲಯದಲ್ಲಿಯೇ ಸಿಕ್ಕಿತು. ಆದರೆ ನನಗೆ ನಿದ್ದೆಗೆಡಿಸಿದ್ದು ಆ ಲೆಕ್ಕವಲ್ಲ. ಲೆಕ್ಕ ಎಲ್ಲರಿಗೂ ತಪ್ಪುತ್ತದೆ. ನನ್ನ ದುಭಾಷಿ ನೂರಾರು ಚಿತ್ರಗಳನ್ನು ಬಿಸುಟಿತಲ್ಲ, ಒಂದು ಸಲವಾದರೂ ಮೇಲಿನವರಿಗೆ ಹೇಳಬೇಡವೆ? ಅದು ಸುಳ್ಳು ಹೇಳಲಿಲ್ಲ, ಸುಮ್ಮನಿತ್ತು. ಅದು ಸುಮ್ಮನಿದ್ದುದರಿಂದ ಪರದೆ ಸುಳ್ಳು ಹೇಳಿತು.”

ಈ ಮಾತು ನನ್ನನ್ನು ನಾಟಿತು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಎಂ.ಎ. ತರಗತಿಯಲ್ಲಿ ಓದಿದವರಿಗೆ ಇದು ಹೊಸ 

ಮಾತಲ್ಲ. ಓಲೆಗರಿಯ ಕಟ್ಟು ಕೈಗೆ ಬಂದಾಗ ಸಂಪಾದಕನು ಮೊದಲು ನೋಡುವುದು ಗರಿಗಳ ಸಂಖ್ಯೆಯನ್ನು. ನಲವತ್ತೊಂದಾದ ಮೇಲೆ ನಲವತ್ತಮೂರಿದ್ದರೆ ನಡುವಣ ಗರಿ ಹೋಗಿದೆ. ಹುಳು ತಿಂದಿರಬಹುದು, ಹೊಗೆ ಹಿಡಿದು ಪುಡಿಯಾಗಿರಬಹುದು. ಪ್ರಾಮಾಣಿಕನಾದವನು ಅಲ್ಲಿ ಚುಕ್ಕೆಗಳನ್ನಿಟ್ಟು ‘ಲುಪ್ತ’ ಎಂದು ಬರೆಯುತ್ತಾನೆ. ಕವಿತ್ವದ ಚಪಲವಿರುವವನು ತಾನೇ ಎರಡು ಪದ್ಯ ಹೊಸೆದು ಸೇರಿಸುತ್ತಾನೆ. ಛಂದಸ್ಸು ಸರಿಯಾಗಿಯೇ ಇರುತ್ತದೆ, ಓದುವವರಿಗೆ ತಡೆಯೂ ಆಗುವುದಿಲ್ಲ. ಮೂರನೆಯವನೊಬ್ಬನಿದ್ದಾನೆ. ಅವನು ಏನನ್ನೂ ಸೇರಿಸುವುದಿಲ್ಲ, ಏನನ್ನೂ ಹೇಳುವುದಿಲ್ಲ. ನಲವತ್ತೊಂದಕ್ಕೆ ನಲವತ್ತಮೂರನ್ನು ಅಂಟಿಸಿ ಮುಂದೆ ಹೋಗುತ್ತಾನೆ. ಅವಳ ಮೊದಲ ದುಭಾಷಿ ಈ ಮೂರನೆಯ ಜಾತಿಯದು.

ಅವಳು ಮುಂದೆ ಮಾಡಿದ ಏರ್ಪಾಟು ಗ್ರಂಥಸಂಪಾದನೆಯ ಕ್ರಮದಂತೆಯೇ ಇದೆ. ಪ್ರತಿಯೊಂದು ಚಿತ್ರಕ್ಕೂ ಯಂತ್ರವೇ ಕ್ರಮಸಂಖ್ಯೆ ಹಾಕಿ ಕಳುಹಿಸುತ್ತದೆ. ನಡುವೆ ಒಂದು ಸಂಖ್ಯೆ ತಪ್ಪಿದರೂ ದುಭಾಷಿ ಅದನ್ನು ದಾಖಲೆಯಲ್ಲಿ ಬರೆದು ಮೇಲಿನವರಿಗೆ ತಿಳಿಸುತ್ತದೆ. ಚಿತ್ರ ಬರುವುದೇ ನಿಂತರೆ, ಗೊತ್ತುಪಡಿಸಿದ ಅತ್ಯಲ್ಪ ಕಾಲದಲ್ಲಿ, ಹಳೆಯ ಚಿತ್ರದ ಮೇಲೆ ಪಟ್ಟಿಯೊಂದು ಅಡ್ಡ ಬಂದು, ಇದು ಈ ಕ್ಷಣದ್ದಲ್ಲವೆಂದು ಹೇಳುತ್ತದೆ. “ಗಡಿಯಾರದ ಸಾಲನ್ನು ತಿದ್ದಿದ್ದರಿಂದ ಗೊತ್ತಿದ್ದ ತಪ್ಪು ಹೋಯಿತು. ಈ ಪಟ್ಟಿ ಇರುವುದು ನನಗೆ ಇನ್ನೂ ಗೊತ್ತಿಲ್ಲದ ತಪ್ಪುಗಳಿಗೆ” ಎಂದಳು.

ದುಭಾಷಿಯೇ ಸತ್ತು ಬಿದ್ದರೆ? ಅದಕ್ಕೂ ಯೋಚನೆಯಿದೆ. ಪ್ರೋಬು ಕೆಲಸ ಮಾಡುತ್ತ ಬಿಸಿಯಾಗುತ್ತದೆ. ಮೈಗೆ ತಗುಲುವ ಅದರ ಮೂತಿ ೪೩ ಡಿಗ್ರಿ ಸೆಲ್ಸಿಯಸ್ ದಾಟಬಾರದೆಂದು ಅಂತರರಾಷ್ಟ್ರೀಯ ಕಟ್ಟಳೆಯುಂಟು. ಹೇಳುವವರು ಕೇಳುವವರಿಲ್ಲದೆ ಯಂತ್ರ ದನಿ ಹೊರಡಿಸುತ್ತಲೇ ಇರುವಂತಿಲ್ಲ. ಆದುದರಿಂದ ಯಂತ್ರದೊಳಗೆ ಕಾವಲಿನ ಗಡಿಯಾರವೊಂದಿರುತ್ತದೆ. ದುಭಾಷಿ ಆಗಾಗ ‘ಇದ್ದೇನೆ’ ಎಂದು ಅದಕ್ಕೆ ಹೇಳುತ್ತಿರಬೇಕು. ಆ ದನಿ ನಿಂತರೆ ಯಂತ್ರ ತಾನಾಗಿ ಮೌನವಾಗುತ್ತದೆ. ವೈದ್ಯಕೀಯ ತಂತ್ರಾಂಶಕ್ಕೆಂದೇ ೨೦೦೬ರಲ್ಲಿ ಹೊರಬಂದ ನಿಯಮಾವಳಿಯೊಂದು, ತಪ್ಪಿನಿಂದ ಒದಗಬಹುದಾದ ಹಾನಿಯನ್ನು ನೋಡಿ ತಂತ್ರಾಂಶವನ್ನು ಮೂರು ವರ್ಗ ಮಾಡುತ್ತದೆ. ಗಾಯವಾಗದಂಥದು ಒಂದು, ಅಷ್ಟೇನೂ ಗಂಭೀರವಲ್ಲದ ಗಾಯವಾಗಬಹುದಾದದ್ದು ಎರಡನೆಯದು, ಸಾವು ಅಥವಾ ಗಂಭೀರವಾದ ಗಾಯವಾಗಬಹುದಾದದ್ದು ಮೂರನೆಯದು. ವರ್ಗ ಏರಿದಂತೆ ಬರೆದಿಡಬೇಕಾದ ದಾಖಲೆಯೂ ಮಾಡಬೇಕಾದ ಪರೀಕ್ಷೆಯೂ ಹೆಚ್ಚು.

ನಾವು ಇಷ್ಟು ಮಾತಾಡುವ ಹೊತ್ತಿಗೆ ನನ್ನ ಮಡದಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ ನಾನು ಗಮನಿಸಿರಲಿಲ್ಲ. ಹದಿನೈದು ವರ್ಷ ಎತ್ತದಿದ್ದ ಮಾತನ್ನು ಅವಳು ಆಗ ಎತ್ತಿದಳು.

“ಈಗಿನ ಯಂತ್ರದಲ್ಲಿ ಹಾಗೆ ಚಿತ್ರ ನಿಂತರೆ, ಮಂಚದ ಮೇಲೆ ಮಲಗಿದವಳಿಗೂ ಗೊತ್ತಾಗುತ್ತದೇನಮ್ಮ? ಅಥವಾ ಡಾಕ್ಟರಿಗೆ ಮಾತ್ರವೆ?”

ವಿದ್ಯಾರ್ಥಿನಿ ತುಸು ಹೊತ್ತು ಸುಮ್ಮನಿದ್ದು, “ಪಟ್ಟಿ ಬರುತ್ತದಮ್ಮ. ಆದರೆ ಅಕ್ಷರ ಸಣ್ಣವು. ಯಂತ್ರದ ಮುಂದೆ ಕುಳಿತವರಿಗೆ ಕಾಣುತ್ತದೆ. ಮಲಗಿದವರಿಗೆ ಕಾಣುತ್ತದೆಯೇ ಎಂದು ನಾನು ಯಾವತ್ತೂ ಮಲಗಿ ನೋಡಿಲ್ಲ” ಎಂದಳು. ಪೆನ್ಸಿಲು ತೆಗೆದುಕೊಂಡು ಹಾಳೆಯ ಅಂಚಿನಲ್ಲಿ ಏನನ್ನೋ ಗುರುತು ಮಾಡಿಕೊಂಡಳು. ಅದು ಉಪನ್ಯಾಸಕ್ಕೆ ಸಂಬಂಧಿಸಿದ್ದಲ್ಲವೆಂದು ನನಗೆ ತಿಳಿಯಿತು.

ಉಪನ್ಯಾಸ ಚೆನ್ನಾಗಿ ನಡೆಯಿತು. ‘ದುಭಾಷಿ’ ಎಂಬ ಪದಕ್ಕೆ ಹುಡುಗರು ಚಪ್ಪಾಳೆ ತಟ್ಟಿದರು. ಎರಡು ಪದಗಳಿಗೆ ನಮ್ಮಿಬ್ಬರಿಗೂ ಕನ್ನಡ ಹೊಳೆದಿರಲಿಲ್ಲ. ಆ ಗೆರೆಗಳು ಹಾಗೆಯೇ ಖಾಲಿಯಾಗಿದ್ದವು. ಅಲ್ಲಿಗೆ ಬಂದಾಗ ಅವಳು ಅಳುಕದೆ, “ಇದಕ್ಕೆ ಕನ್ನಡ ಪದ ಇನ್ನೂ ಸಿಕ್ಕಿಲ್ಲ, ನೀವು ಹುಡುಕಿ” ಎಂದು ಮುಂದುವರಿದಳು. ಈ ಅಭ್ಯಾಸ ಅವಳಿಗೆ ನನ್ನಿಂದ ಬಂದುದಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಸಭೆ ಮುಗಿದ ಮೇಲೆ ಮೆಟ್ಟಿಲು ಇಳಿಯುತ್ತ ಅವಳು ನಗುತ್ತಲೇ, “ಸರ್, ಅಂದು ತರಗತಿಯಲ್ಲಿ ಹಳಗನ್ನಡ ಪದ್ಯದ ಒಂದು ಪದಕ್ಕೆ ಅರ್ಥ ಕೇಳಿದ್ದೆ. ನೀವು ಕೂಡಲೇ ಹೇಳಿಬಿಟ್ಟಿರಿ. ಆಮೇಲೆ ಪರಿಷತ್ತಿನ ನಿಘಂಟಿನಲ್ಲಿ ನೋಡಿದೆ, ಆ ಅರ್ಥ ಅಲ್ಲಿರಲಿಲ್ಲ” ಎಂದಳು. ನನಗೂ ನೆನಪಿತ್ತು. ಅರವತ್ತು ಹುಡುಗರ ಮುಂದೆ ತಿಳಿಯದೆಂದು ಹೇಳಲಾರದೆ, ಛಂದಸ್ಸಿಗೆ ಒಗ್ಗುವ ಒಂದು ಅರ್ಥವನ್ನು ಅಲ್ಲಿಯೇ ಹೊಸೆದಿದ್ದೆ. ಅಂದು ಅದನ್ನು ಬರೆದುಕೊಂಡ ಉಳಿದ ಐವತ್ತೊಂಬತ್ತು ಮಂದಿ ಈಗ ಎಲ್ಲೆಲ್ಲಿದ್ದಾರೋ.

ರಜೆ ಮುಗಿದ ಮೇಲಿನ ಮೊದಲ ವಾರ, ಹಿಂದಿನ ಬೆಂಚಿನ ಹುಡುಗನೊಬ್ಬ ಪದ್ಯದ ನಡುವೆ ಎದ್ದುನಿಂತು ಒಂದು ಪದದ ಅರ್ಥ ಕೇಳಿದ. ಅಭ್ಯಾಸಬಲದಿಂದ ಉತ್ತರ ನಾಲಗೆಯ ತುದಿಗೆ ಬಂದಿತು. ಅದನ್ನು ಅಲ್ಲಿಯೇ ತಡೆದು, “ನನಗೆ ತಿಳಿಯದು, ನಾಳೆ ನೋಡಿಕೊಂಡು ಬರುತ್ತೇನೆ” ಎಂದೆ. ಹುಡುಗ ತನ್ನ ಪುಸ್ತಕದಲ್ಲಿ ಆ ಪದದ ಮುಂದೆ ಜಾಗ ಬಿಟ್ಟುಕೊಂಡು ಕುಳಿತ. ಪಾಠ ಮುಂದೆ ಸಾಗಿತು.